"ಎಲುಬು ತಂದು ಏನು ಮಾಡ್ತಾರೆ?" ಎಂದು ಕೇಳಿದವರಿಗೆ

ನಿನ್ನೆ ಮಧ್ಯಾಹ್ನ ಒಂದು ಮನೆ ಒಕ್ಕಲಿನ ಊಟಕ್ಕೆ ಹೋಗಿದ್ದೆ. ಪಾಯಸ ಬರುವ ಹೊತ್ತಿಗೆ ಎದುರಿನ ಸಾಲಿನಲ್ಲಿದ್ದ ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೋರಿಸಲು ಶುರು ಮಾಡಿದರು. ಅರುಣಾಚಲದ ಕಾಡಿನಲ್ಲಿ ಬಿದ್ದ ಹಳೆಯ ಬಾಂಬರ್ ವಿಮಾನದ ಚೂರುಗಳು. ಪಾಚಿ ಹಿಡಿದ ರೆಕ್ಕೆ, ತುಕ್ಕು ಹಿಡಿದ ಇಂಜಿನ್. ಅಲ್ಲಿ ಸತ್ತವರ ಅವಶೇಷ ಹುಡುಕಿ ಮನೆಯವರಿಗೆ ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಆಗ ಅವರು ಕೇಳಿದ್ದು: "ಎಂಬತ್ತು ವರ್ಷ ಹಳೆಯ ಎಲುಬು ತಂದು ಏನು ಮಾಡ್ತಾರೆ ಮಾರಾಯ್ರೇ? ದುಡ್ಡು ಜಾಸ್ತಿ ಆಗಿದೆ ಅಷ್ಟೇ."

ಇಡೀ ಪಂಕ್ತಿ ನಕ್ಕಿತು. ನನಗೆ ಪಾಯಸ ಇಳಿಯಲಿಲ್ಲ.

ಅಲ್ಲಿ ಮಾತಾಡಲಿಲ್ಲ. ಶುಭ ಕಾರ್ಯದ ಮನೆ, ಜಗಳ ಬೇಡ ಎಂದು ಸುಮ್ಮನೆ ಎದ್ದು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಎಷ್ಟು ವರ್ಷದಿಂದ ಈ ವಿಷಯದ ಹಿಂದೆ ಇದ್ದೇನೆ ಎಂದು. ಆ ವಿಡಿಯೋ ನೋಡಿದ ತಕ್ಷಣ ನನಗೆ ನೆನಪಾದದ್ದು 'ಹಾಟ್ ಆ್ಯಸ್ ಹೆಲ್'. ಅದು ಎರಡನೇ ಮಹಾಯುದ್ಧದ ಕಾಲದ, ಅಮೆರಿಕದ ಒಂದು ಬಿ-24 ಲಿಬರೇಟರ್ ಬಾಂಬರ್. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟಿತ್ತು. ಒಳಗೆ ಎಂಟು ಜನ. ಹವಾಮಾನ ತುಂಬಾ ಕೆಟ್ಟಿತ್ತು. ವಿಮಾನ ಚಬುವಾ ತಲುಪಲೇ ಇಲ್ಲ.

ಅವರು ಆ ದಿನ ಬಾಂಬ್ ಹಾಕಲು ಹೋದವರಲ್ಲ. ಸಾಮಾನು ತರಲು ಹೊರಟವರು. ಚೀನಾದಲ್ಲಿದ್ದ ಆ ಬಾಂಬರ್ ಪಡೆಗೆ ಪೆಟ್ರೋಲು, ಬಾಂಬು ಎಲ್ಲವೂ ಭಾರತದಿಂದಲೇ ಹೋಗಬೇಕಿತ್ತು. ಬರ್ಮಾ ದಾರಿ ಜಪಾನೀಯರ ಕೈಯಲ್ಲಿತ್ತು. ಹಾಗಾಗಿ ಹಿಮಾಲಯದ ಮೇಲೆ ಹಾರಿ, ತಮ್ಮ ಪೆಟ್ರೋಲನ್ನು ತಾವೇ ಹೊತ್ತು ತರಬೇಕಿತ್ತು. ಒಂದು ದಾಳಿಗೆ ಸಾಲುವಷ್ಟು ಸಾಮಾನು ಕೂಡಿಡಲು ಮೂರು ನಾಲ್ಕು ಸಲ ಆ ಬೆಟ್ಟ ದಾಟಬೇಕಾಗುತ್ತಿತ್ತು. ಪೈಲಟ್‌ಗಳು ಆ ದಾರಿಯನ್ನು 'ಹಂಪ್' ಎಂದು ಕರೆಯುತ್ತಿದ್ದರು, ಅಂದರೆ ಗೂನು. ಯುದ್ಧ ಮುಗಿಯುವಷ್ಟರಲ್ಲಿ ಆ ಗೂನು ಸುಮಾರು 600 ವಿಮಾನಗಳನ್ನು ನುಂಗಿತ್ತು. ಆ ಕಾಲದಲ್ಲಿ ಅಮೆರಿಕದ ಸೇನಾ ವಿಮಾನಗಳ ರಿಪೇರಿ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ನಡೆಯುತ್ತಿತ್ತು. ಇದೇನೂ ಎಲ್ಲೋ ದೂರದ ಕತೆಯಲ್ಲ.

62 ವರ್ಷ ಆ ವಿಮಾನ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರಲಿಲ್ಲ. 2006ರಲ್ಲಿ ಅರಿಜೋನಾದ ಕ್ಲೇಟನ್ ಕೂಲ್ಸ್ ಎಂಬುವರು ಸ್ಥಳೀಯರ ಜೊತೆ ಬೆಟ್ಟ ಹತ್ತಿ, ಅಪ್ಪರ್ ಸಿಯಾಂಗ್ ಜಿಲ್ಲೆಯ ದಮ್ರೋ ಹಳ್ಳಿಯ ಮೇಲಿನ ಕಾಡಿನಲ್ಲಿ ಅದನ್ನು ಕಂಡರು. ಅವರು ಸರ್ಕಾರದ ಮನುಷ್ಯ ಅಲ್ಲ. ವ್ಯಾಪಾರಸ್ಥರು. ದಾರಿ ತೋರಿಸಿದ್ದು ಅಲ್ಲಿನ 'ಆದಿ' ಎಂಬ ಬುಡಕಟ್ಟಿನ ಜನ. ಅವರ ಕಾಲು ಹೋಗದ ಜಾಗ ಆ ಕಾಡಿನಲ್ಲಿಲ್ಲ.

ವಿಮಾನ ಸಿಕ್ಕಿತು. ಆಮೇಲೆ? ವಿಮಾನಕ್ಕೆ ಹೆಸರಿದೆ, ನಂಬರ್ ಇದೆ. ಒಳಗಿದ್ದವರ ಮನೆಯವರು ಎಲ್ಲಿ? ಜನರಿಗೆ ಈ ಕೆಲಸ ಎಷ್ಟು ಕಷ್ಟದ್ದು ಎಂಬ ಅಂದಾಜೇ ಇಲ್ಲ. ಅದಕ್ಕೇ ಅಷ್ಟು ಸುಲಭವಾಗಿ ನಗುತ್ತಾರೆ.

ಅಮೆರಿಕದ ಸೇನೆ ವಿಮಾನ ಕಾಣೆಯಾದಾಗ ಒಂದು ವರದಿ ಬರೆದಿಡುತ್ತಿತ್ತು. ಅದರಲ್ಲಿ ಎಷ್ಟೋ ಸಲ ಮನೆಯವರ ಹೆಸರು, ವಿಳಾಸ ಕೂಡ ಇರುತ್ತದೆ. ಆದರೆ ಅದು 1944ರ ವಿಳಾಸ. ಆ ಬೀದಿಯಲ್ಲಿ ಆ ಮನೆ ಈಗ ಇರಲಿಕ್ಕಿಲ್ಲ. ತಂದೆ ತಾಯಿ ಎಂದೋ ಹೋದರು. ಹುಡುಗರಿಗೆ ಇಪ್ಪತ್ತು, ಇಪ್ಪತ್ತೈದು ವಯಸ್ಸು, ಎಷ್ಟೋ ಜನರಿಗೆ ಮದುವೆಯೂ ಆಗಿರಲಿಲ್ಲ. ಹೋಗಲಿ, ಸೇನೆಯ ಕಡತ ನೋಡೋಣ ಎಂದರೆ ಅದೂ ಸುಲಭ ಇಲ್ಲ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು, 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಹಾಳಾದವು.

ಡಿಎನ್‌ಎ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಹೊಟ್ಟೆಯೊಳಗೆ ಕೂತಿರುವ ಮಾತು ಇದೇ.

ಅಷ್ಟು ಹಳೆಯ ಎಲುಬಿನಲ್ಲಿ ಸಾಮಾನ್ಯವಾಗಿ ಉಳಿದು ಸಿಗುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ತಾಯಿಯಿಂದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದೆ ದಾಟಿಸುವವಳು ಹೆಣ್ಣು ಮಗಳು ಮಾತ್ರ. ಅಂದರೆ ಸತ್ತ ಸೈನಿಕನ ಸ್ವಂತ ಮಗ ಬಂದು ರಕ್ತ ಕೊಟ್ಟರೂ ಈ ಪರೀಕ್ಷೆಗೆ ಉಪಯೋಗ ಇಲ್ಲ. ಅಣ್ಣನ ಮಕ್ಕಳಿಂದಲೂ ಆಗುವುದಿಲ್ಲ. ಅಕ್ಕನ ಮಕ್ಕಳು ಬೇಕು. ತಂಗಿಯ ಮಗಳ ಮಗಳು ಬೇಕು.

ಆ ಅಕ್ಕತಂಗಿಯರೇ ದಾಖಲೆಯಲ್ಲಿ ಸಿಗುವುದಿಲ್ಲ! 1940ರ ಅಮೆರಿಕದ ಜನಗಣತಿಯಲ್ಲಿ ಅವಳು ಹುಡುಗಿ, ಅಪ್ಪನ ಮನೆಯಲ್ಲಿ ಹೆಸರಿದೆ. 1950ರದ್ದು 2022ರಲ್ಲಿ ಎಲ್ಲರಿಗೂ ತೆರೆದರು. ಅದರಲ್ಲಿ ಅವಳನ್ನು ಹುಡುಕಿದರೆ ಇಲ್ಲ. ಮದುವೆಯಾಗಿದೆ, ಅಡ್ಡಹೆಸರು ಬದಲಾಗಿದೆ, ಊರು ಬದಲಾಗಿದೆ. ತಾಯಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದಿದ್ದರೆ ಅಲ್ಲಿ ಮಗಳು 'ಮಿಸೆಸ್ ಇಂಥವರು', ಪೂರ್ತಿ ಗಂಡನ ಹೆಸರು. ಅವಳ ಸ್ವಂತ ಹೆಸರಿನ ಒಂದಕ್ಷರವೂ ಇಲ್ಲ. ಹುಡುಕುವವರು ಮದುವೆ ನೋಂದಣಿ, ಚರ್ಚಿನ ಪುಸ್ತಕ, ಹಳೆಯ ಪೇಪರುಗಳ ಸಾವಿನ ಸುದ್ದಿ ಎಲ್ಲ ತಿರುವಿ ಹಾಕಬೇಕು. ಕೊನೆಗೆ ಯಾವುದೋ ಊರಿನ ಯಾರದೋ ಮನೆಗೆ ಫೋನ್ ಮಾಡಿ ಕೇಳಬೇಕು: "ನಿಮ್ಮ ಅಜ್ಜಿಗೆ ಯುದ್ಧದಲ್ಲಿ ಕಾಣೆಯಾದ ಒಬ್ಬ ತಮ್ಮ ಇದ್ದರೇ?" ಈ ಕಾಲದಲ್ಲಿ ಅಪರಿಚಿತರು ಫೋನ್ ಮಾಡಿ ಮನೆಯ ವಿಷಯ, ಡಿಎನ್‌ಎ ಎಂದೆಲ್ಲ ಕೇಳಿದರೆ ಯಾರು ನಂಬುತ್ತಾರೆ ಹೇಳಿ.

ಎಲುಬು ತಂದು ಏನು ಮಾಡ್ತಾರೆ ಎಂದು ಕೇಳುತ್ತೀರಲ್ಲ, ಆ ಫೋನಿನ ಇನ್ನೊಂದು ತುದಿಯಲ್ಲಿ ಕೂತವರನ್ನು ಒಮ್ಮೆ ನೆನೆಸಿಕೊಳ್ಳಿ. ಗೋಡೆಯ ಮೇಲೆ ಯಾವತ್ತೂ ಒಂದು ಫೋಟೋ ಇತ್ತು. ಅದರ ಬಗ್ಗೆ ಮಾತಾಡಿದರೆ ಅಜ್ಜಿ ಅಳುತ್ತಾಳೆಂದು ಯಾರೂ ಮಾತಾಡುತ್ತಿರಲಿಲ್ಲ. ಈಗ ಯಾರೋ ಫೋನಿನಲ್ಲಿ ಆ ಫೋಟೋದ ಹುಡುಗನ ಹೆಸರು ಹೇಳುತ್ತಿದ್ದಾರೆ.

'ಹಾಟ್ ಆ್ಯಸ್ ಹೆಲ್' ಮನೆಯವರು ಸುಮ್ಮನೆ ಕೂರಲಿಲ್ಲ. ಗಡಿ ರಾಜ್ಯ, ಚೀನಾ ಪಕ್ಕದಲ್ಲೇ ಇದೆ ಎಂದು ಅನುಮತಿ ವರ್ಷಗಟ್ಟಲೆ ಎಳೆಯಿತು. ನ್ಯಾವಿಗೇಟರ್ (ವಿಮಾನದ ದಾರಿ ಲೆಕ್ಕ ಹಾಕುವವರು) ಆಗಿದ್ದವರ ಸೋದರನ ಮಗ, ತಾನು ಯಾವತ್ತೂ ನೋಡದ ಅಪ್ಪನ ಸೋದರನಿಗಾಗಿ ಎರಡೂ ಸರ್ಕಾರಗಳಿಗೆ ಬರೆದು ಬರೆದು ಬೆನ್ನು ಬಿದ್ದರು. 2015ರಲ್ಲಿ ಅಗೆಯಲು ತಂಡ ಬಂತು. ಕಡಿದಾದ ಬೆಟ್ಟದಲ್ಲಿ ಮಣ್ಣನ್ನು ಜರಡಿ ಹಿಡಿದರು. 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಅವಶೇಷಗಳು ಅಮೆರಿಕಕ್ಕೆ ಹೊರಟವು. 2017ರ ಜೂನ್‌ನಲ್ಲಿ ಆ ಎಂಟು ಜನರಲ್ಲಿ ಒಬ್ಬರಾದ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ತಮ್ಮ ಊರಾದ ಜಾರ್ಜಿಯಾದ ಕಾನ್‌ಕಾರ್ಡ್‌ನಲ್ಲಿ ಮಣ್ಣಾದರು. ಸತ್ತಾಗ ಅವರಿಗೆ 24 ವರ್ಷ. ಮನೆ ಸೇರಲು 73 ವರ್ಷ ಬೇಕಾಯಿತು.

ಹಾಲೆಂಡಿನ ಆಲ್ಮೆರೆ ಎಂಬ ಊರಿನಲ್ಲೂ ಹೀಗೇ ಆಯಿತು. 1943ರ ಮಾರ್ಚ್‌ನಲ್ಲಿ ಬರ್ಲಿನ್ ದಾಳಿಯಿಂದ ಮರಳುತ್ತಿದ್ದ ಒಂದು ಬ್ರಿಟಿಷ್ ಸ್ಟರ್ಲಿಂಗ್ ಬಾಂಬರ್ ಅಲ್ಲಿನ ಸರೋವರಕ್ಕೆ ಬಿದ್ದಿತ್ತು. ಒಳಗೆ ಏಳು ಜನ. 2008ರಲ್ಲಿ ಒಂದು ದೋಣಿಗೆ ಅದರ ಚಕ್ರದ ಕಾಲು ಸಿಕ್ಕಿ ಮೇಲೆ ಬಂತು. ಮೊದಲು ಅದು ಬಿಕೆ 710 ಎಂಬ ನಂಬರಿನ ವಿಮಾನ ಎಂದುಕೊಂಡರು. ಆಮೇಲೆ ನೀರಿನಿಂದ ಒಂದು ಸಿಗರೇಟ್ ಡಬ್ಬಿಯ ಮುಚ್ಚಳ ಸಿಕ್ಕಿತು. ಅದರ ಮೇಲೆ ಮೂರು ಅಕ್ಷರ: ಜೆ, ಎಂ, ಸಿ. ಬಿಕೆ 710ರಲ್ಲಿ ಆ ಅಕ್ಷರದವರು ಯಾರೂ ಇಲ್ಲ. ಬಿಕೆ 716ರಲ್ಲಿ ಇದ್ದರು, ಜಾನ್ ಮೈಕಲ್ ಕ್ಯಾಂಪ್‌ಬೆಲ್. ಆ ಮೂರು ಅಕ್ಷರ ಇಲ್ಲದಿದ್ದರೆ ಬೇರೆಯೇ ಏಳು ಮನೆಗಳ ಬಾಗಿಲು ತಟ್ಟುತ್ತಿದ್ದರು. 2020ರಲ್ಲಿ ಇಡೀ ವಿಮಾನವನ್ನು ಮೇಲೆತ್ತಿದರು. ಎತ್ತಿದ್ದು ಬ್ರಿಟಿಷರಲ್ಲ, ಡಚ್ಚರು. ತಮ್ಮ ನೀರಿನಲ್ಲಿ ಬಿದ್ದ ಪರದೇಶದ ಮಕ್ಕಳಿಗಾಗಿ, ತಮ್ಮ ದುಡ್ಡಿನಲ್ಲಿ.

ಬಾಂಬ್ ಹಾಕಿದವರ ಮೇಲೆ ನಿಮಗೆ ಯಾಕೆ ಇಷ್ಟು ಕನಿಕರ ಎಂದು ಗೆಳೆಯರೊಬ್ಬರು ಹಿಂದೆ ಕೇಳಿದ್ದರು. ಬರ್ಲಿನ್‌ನಲ್ಲಿ, ರಂಗೂನ್‌ನಲ್ಲಿ ಆ ಬಾಂಬಿನ ಕೆಳಗೆ ಸತ್ತ ಮಕ್ಕಳ ಲೆಕ್ಕ ಯಾರು ಇಟ್ಟರು ಎಂದು. ಪ್ರಶ್ನೆ ಸರಿ ಇದೆ. ಅವರ ಹೆಸರೂ ಬೇಕು, ಅವರನ್ನೂ ಹುಡುಕಬೇಕು. ಆದರೆ ಜಾರ್ಜಿಯಾದ ಹಳ್ಳಿಯಲ್ಲಿ ತಮ್ಮನಿಗೆ ಕಾದು ಕೂತ ಅಕ್ಕ ಯಾರ ಮೇಲೂ ಬಾಂಬ್ ಹಾಕಲಿಲ್ಲ. ಅವಳ ಕಾಯುವಿಕೆಯನ್ನು ಇನ್ನೊಬ್ಬಳ ದುಃಖದ ಎದುರು ತೂಗಿ ಕಡಿಮೆ ಮಾಡಲು ನನ್ನಿಂದ ಆಗುವುದಿಲ್ಲ. ದುಡ್ಡಿನ ಮಾತಂತೂ ಬೇಡವೇ ಬೇಡ. ಹುಡುಗರನ್ನು ಕಳಿಸುವಾಗ ಯಾರೂ ಖರ್ಚು ಕೇಳಲಿಲ್ಲ. ವಾಪಸ್ ತರುವಾಗ ಮಾತ್ರ ಖರ್ಚಿನ ನೆನಪು ಬರುತ್ತದಾ?

ಈಗ ಒಂದು ವಿಷಯ ಹೇಳಬೇಕು. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ.

ಆ ಮಾತನ್ನು ಮೊದಲು ಆಡಿದವಳು ನಾನೇ.

ನನ್ನ ಅಜ್ಜಿಯ ಅಣ್ಣ ಮಿಲಿಟರಿಗೆ ಸೇರಿ ಲಾರಿ ಓಡಿಸುತ್ತಿದ್ದರು. ಬರ್ಮಾಕ್ಕೆ ಹೋದರು. ಬರಲಿಲ್ಲ. ಸತ್ತರು ಎಂಬ ಕಾಗದವೂ ಮನೆಗೆ ಬರಲಿಲ್ಲ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ಮನೆತನ ತಾಯಿಯ ಕಡೆಯಿಂದ ನಡೆಯುವ ಮನೆ. ಅಜ್ಜಿಯ ಅಣ್ಣ ಅಂದರೆ ಮನೆಯ ಯಜಮಾನ ಆಗಬೇಕಿದ್ದವರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಅಜ್ಜಿ ಅವರಿಗೆ ಎಲೆ ಹಾಕಲು ಬಿಡುತ್ತಿರಲಿಲ್ಲ. ಹದಿನಾರಕ್ಕೆ ಸೇರಿಸುವ, ಅಂದರೆ ಸತ್ತವರನ್ನು ಹಿರಿಯರ ಜೊತೆ ಸೇರಿಸುವ, ಶಾಸ್ತ್ರವೂ ಆಗಲಿಲ್ಲ. ಎಲೆ ಹಾಕಿದರೆ ಸತ್ತರು ಎಂದು ನಾವೇ ಒಪ್ಪಿದ ಹಾಗೆ, ಅಲ್ವಾ? ಹಾಗಂತ ಬದುಕಿದ್ದಾರೆ ಎಂದು ನಂಬುವ ಧೈರ್ಯವೂ ಅವಳಿಗಿರಲಿಲ್ಲ. ಬಡಿಸಿ ಆದ ಮೇಲೆ, ಎಲ್ಲರೂ ಉಂಡ ಮೇಲೆ, ಒಂದು ಬಟ್ಟಲಲ್ಲಿ ಅನ್ನ ತೆಗೆದಿಟ್ಟು ಮುಚ್ಚುತ್ತಿದ್ದಳು. ಬಂದರೆ ಬೇಕು ಎಂದು.

ನಾನು ಆಗ ಪಿಯುಸಿ. ತಿಳಿದವಳು ಎಂಬ ಸೊಕ್ಕು. "ಅಜ್ಜೀ, ಅವರು ಸತ್ತು ಎಷ್ಟೋ ಕಾಲ ಆಯ್ತು. ಎಲೆ ಹಾಕಿಬಿಡು, ಇದರಿಂದ ಎಂತ ಪ್ರಯೋಜನ?" ಎಂದೆ. ಅಜ್ಜಿ ಬೈಯಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಮುಂದಿನ ವರ್ಷದಿಂದ ನನ್ನ ಎದುರು ಆ ಬಟ್ಟಲು ತೆಗೆಯಲಿಲ್ಲ. ನಾನು ಮಲಗಿದ ಮೇಲೆ ಇಡುತ್ತಿದ್ದಳು ಎಂದು ಅವಳು ಹೋದ ಮೇಲೆ ಅಮ್ಮ ಹೇಳಿದರು.

ನಿನ್ನೆ ಪಂಕ್ತಿಯಲ್ಲಿ ನಕ್ಕವರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಯಾಕೆ ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಆ ಅಜ್ಜನನ್ನು, ಅಂದರೆ ಅಜ್ಜಿಯ ಅಣ್ಣನನ್ನು, ಹುಡುಕಲು ಶುರು ಮಾಡಿ ಎರಡು ವರ್ಷ ಆಯಿತು. ಬರ್ಮಾದ ತೌಕ್ಯಾನ್‌ನಲ್ಲಿ ರಂಗೂನ್ ಸ್ಮಾರಕ ಇದೆ. ಸಮಾಧಿಯೇ ಇಲ್ಲದ ಸುಮಾರು 27,000 ಜನರ ಹೆಸರು ಅದರ ಕಂಬಗಳ ಮೇಲೆ ಇದೆ. ಹೆಚ್ಚಿನವರು ನಮ್ಮ ದೇಶದವರೇ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮನೆಯಲ್ಲೇ ಕೂತು ಹುಡುಕಬಹುದು. ಅಜ್ಜನ ಹೆಸರು ಹಾಕಿದೆ. ಅದೇ ಹೆಸರಿನವರು ಒಬ್ಬರಲ್ಲ, ನಾಲ್ಕು ಜನ ಸಿಕ್ಕರು. ಇವರಲ್ಲಿ ನಮ್ಮವರು ಯಾರು? ಪಟ್ಟಿಯಲ್ಲಿ ನನ್ನ ಉಪಯೋಗಕ್ಕೆ ಬರುವ ಗುರುತು ಒಂದೇ, 'ಇಂಥವರ ಮಗ'.

ತಂದೆಯ ಹೆಸರು. ನನಗದು ಗೊತ್ತಿಲ್ಲ! ಅಮ್ಮನಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಅಜ್ಜಿಯ ಅಮ್ಮ, ಅವರ ಅಮ್ಮ, ಅವರ ಅಮ್ಮ, ಆರು ತಲೆಮಾರಿನ ಹೆಂಗಸರ ಹೆಸರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಮೆರಿಕದವರು ಹೆಣ್ಣುಮಕ್ಕಳ ಹೆಸರು ಸಿಗದೆ ವರ್ಷಗಟ್ಟಲೆ ಅಲೆಯುತ್ತಾರೆ. ನಾನು ಒಬ್ಬ ಗಂಡಸಿನ ಹೆಸರು ಸಿಗದೆ ನಿಂತಿದ್ದೇನೆ. ಅವರ ಮನೆಯಲ್ಲಾಗಿದ್ದರೆ ಅದು ಮೊದಲ ಸಾಲಿನಲ್ಲೇ ಇರುತ್ತಿತ್ತು.

ಹೋದ ತಿಂಗಳು ಕಾರ್ಕಳದ ಕಡೆಯ ಮೂರು ಮನೆಗಳಿಗೆ ಹೋಗಿ ಬಂದೆ. ಒಬ್ಬ ಅಜ್ಜಿಗೆ ತೊಂಬತ್ತೆರಡು. ಅಜ್ಜನ ತಂದೆಯ ಬಗ್ಗೆ ಕೇಳಿದೆ. "ಬಿಳಿ ಪೇಟದವರು, ಗಂಟಲು ದೊಡ್ಡದು" ಎಂದರು. ಮುಖ ನೆನಪಿದೆ, ಹೆಸರು ನೆನಪಿಲ್ಲ. ಅವರ ಮನೆ ಕುಂದಾಪುರದ ಕಡೆ ಇದ್ದಿರಬೇಕು ಎಂದೂ ಹೇಳಿದರು.

ನಮ್ಮ ಕುಟುಂಬದವರು, ಮುಂಬಯಿ ಸೇರಿದವರು, ದುಬೈಯಲ್ಲಿ ಇರುವವರು, ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಇವತ್ತೇ ಕೇಳಿ. ಹಳೆಯ ಜಾತಕ, ಚಾಲಗೇಣಿಯ (ಜಮೀನು ಗೇಣಿಗೆ ಕೊಟ್ಟ) ಕಾಗದ, ಮದುವೆ ಕರೆಯೋಲೆ, ಏನಾದರೂ ಪೆಟ್ಟಿಗೆಯಲ್ಲಿ ಇದ್ದರೆ ಫೋಟೋ ತೆಗೆದು ಇನ್‌ಬಾಕ್ಸ್ ಮಾಡಿ. ನನಗೆ ಬೇಕಾದದ್ದು ಒಂದು ಹೆಸರು. ಈ ಸಲ ಹಿರಿಯರಿಗೆ ಬಡಿಸುವ ಮೊದಲು ಸಿಕ್ಕಿದರೆ ಸಾಕು, ಒಂದು ಎಲೆ ಜಾಸ್ತಿ ಕೊಯ್ಯುತ್ತೇನೆ.