ಎಕ್ಸ್‌ರೇ ಕೋಣೆಗೆ ಹೋಗುವ ಮೊದಲು ಮಗುವಿಗೆ ಏನು ಹೇಳ್ತೀರಿ?

"ಏನೂ ಆಗಲ್ಲ ಪುಟ್ಟಾ, ಬರೀ ಒಂದು ಫೋಟೋ ಅಷ್ಟೇ." ಹೆದರಿದ ಮಗುವಿಗೆ ನಮ್ಮವರು ಹೇಳುವ ಮೊದಲ ಮಾತು ಇದು. ಅದಕ್ಕೂ ಅಳು ನಿಲ್ಲದಿದ್ದರೆ ಎರಡನೇ ಮಾತು ರೆಡಿ ಇರುತ್ತದೆ: "ಸುಮ್ನಿರದಿದ್ರೆ ಡಾಕ್ಟರ್ ಸೂಜಿ ಚುಚ್ತಾರೆ ನೋಡು." ನಾನು ಕರ್ನಾಟಕ ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿ ಕಾಲವಾಯಿತು. ಇಲ್ಲಿನ ಆಸ್ಪತ್ರೆ ಸಿಬ್ಬಂದಿ ಈ ಎರಡರಲ್ಲಿ ಒಂದನ್ನೂ ಹೇಳಿದ್ದು ನಾನು ಕೇಳಿಲ್ಲ. ಹಾಗಂತ ಇಲ್ಲಿಯವರು ಮಾಡುವುದೆಲ್ಲ ಸರಿ ಅಂತ ನಾನು ಒಪ್ಪಲ್ಲ, ಆ ಜಗಳಕ್ಕೆ ಆಮೇಲೆ ಬರ್ತೀನಿ.

ಸೂಜಿಯ ಬೆದರಿಕೆ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಇವತ್ತು ಎಕ್ಸ್‌ರೇಗೆ ಅಂತ ಹೆದರಿಸಿದರೆ ಮುಂದೆ ನಿಜಕ್ಕೂ ಲಸಿಕೆ ಹಾಕಿಸುವ ದಿನ ಆ ಮಗುವನ್ನು ಹಿಡಿಯೋಕೆ ನಾಲ್ಕು ಜನ ಬೇಕಾಗುತ್ತದೆ. ನನಗೆ ಹೆಚ್ಚು ತಕರಾರು ಇರುವುದು ಮೊದಲನೇ ಮಾತಿನ ಬಗ್ಗೆ, ಯಾಕೆಂದರೆ ಅದು ಕೇಳೋಕೆ ಪ್ರೀತಿಯ ಮಾತು. ಎಕ್ಸ್‌ರೇ ನೋಯಿಸುವುದಿಲ್ಲ, ಅದು ನಿಜ. ಕಿರಣ ಮೈಯೊಳಗೆ ಹಾದು ಹೋಗಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಆದರೆ ಬಿದ್ದು ಕೈ ಊದಿಸಿಕೊಂಡು ಬಂದ ಮಗುವಿನ ಕೈಯನ್ನು ಆ ಗಟ್ಟಿ ಹಲಗೆಯ ಮೇಲೆ ಚಪ್ಪಟೆಯಾಗಿ ಇಡಬೇಕು, ಆಮೇಲೆ ಪಕ್ಕಕ್ಕೆ ತಿರುಗಿಸಬೇಕು, ಯಾಕೆಂದರೆ ಒಂದೇ ಕಡೆಯಿಂದ ನೋಡಿದರೆ ಬಿರುಕು ಕಣ್ಣಿಗೆ ಬೀಳದೆ ಹೋಗಬಹುದು. ನೋಯುವುದು ಆ ತಿರುಗಿಸುವಾಗ. "ನೋವಾಗಲ್ಲ" ಅಂತ ಭರವಸೆ ಕೊಟ್ಟ ಅಪ್ಪ ಅಮ್ಮನ ಮುಖವನ್ನು ಮಗು ಆಗ ನೋಡುತ್ತದೆ ನೋಡಿ, ಅಲ್ಲಿಂದಾಚೆ ನಾವು ಏನು ಹೇಳಿದರೂ ಅದು ನಂಬುವುದಿಲ್ಲ.

ಇಲ್ಲಿ ಹೇಳುವ ರೀತಿ ಬೇರೆ. "ಕ್ಯಾಮೆರಾ ನಿನ್ನನ್ನು ಮುಟ್ಟುವುದಿಲ್ಲ. ಆದರೆ ಕೈ ತಿರುಗಿಸುವಾಗ ಸ್ವಲ್ಪ ನೋಯಬಹುದು, ನೋವಾದರೆ ಹೇಳು, ನಿಧಾನ ಮಾಡೋಣ." ಅಷ್ಟೇ. ಅದಕ್ಕೂ ಮೊದಲು ನೋವಿನ ಔಷಧಿ ಕೊಟ್ಟು, ಅದು ಕೆಲಸ ಮಾಡುವ ತನಕ ಕಾಯುವುದೂ ಇದೆ. ನಮ್ಮಲ್ಲಿ ಎಷ್ಟೋ ಸಲ ಇದನ್ನು ಯಾರೂ ಕೇಳುವುದೇ ಇಲ್ಲ. ನೀವು ಎಲ್ಲೇ ಇರಿ, "ಎಕ್ಸ್‌ರೇಗೆ ಮುಂಚೆ ಮಗುವಿಗೆ ನೋವಿಗೆ ಏನಾದ್ರೂ ಕೊಡಬಹುದಾ?" ಅಂತ ಬಾಯಿ ಬಿಟ್ಟು ಕೇಳಿ.

ಮಕ್ಕಳಿಗೆ ಯಂತ್ರಕ್ಕಿಂತ ಗೊತ್ತಿಲ್ಲದ್ದರ ಭಯ ದೊಡ್ಡದು. ಕೋಣೆಯಲ್ಲಿ ಬೆಳಕು ಕಡಿಮೆ. ತಲೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಸರಿದಾಡುತ್ತದೆ. ಮೇಜು ತಣ್ಣಗೆ. ಗುಂಯ್ ಅಂತ ಒಂದು ಸದ್ದು, ಆಮೇಲೆ ಬೀಪ್. ಇದೆಲ್ಲಕ್ಕಿಂತ ಕೆಟ್ಟದ್ದು, ಇಷ್ಟು ಹೊತ್ತು ನಗುನಗುತ್ತಾ ಮಾತಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಗಾಜಿನ ಹಿಂದೆ ಹೋಗಿ ನಿಂತುಬಿಡುತ್ತಾರೆ! ದೊಡ್ಡವರೇ ಓಡಿಹೋದರು ಅಂದರೆ ಇಲ್ಲೇನೋ ಇದೆ ಅಂತ ಮಗುವಿಗೆ ಅನಿಸದೆ ಇರುತ್ತದಾ? "ಅವರು ಕಿಟಕಿ ಹಿಂದೆ ಹೋಗಿ ಬಟನ್ ಒತ್ತುತ್ತಾರೆ, ಅಲ್ಲಿಂದ ನಿನ್ನನ್ನು ನೋಡ್ತಾನೇ ಇರ್ತಾರೆ" ಅಂತ ಮೊದಲೇ ಹೇಳಿದ್ದರೆ ಅದೊಂದು ಗಂಡಾಂತರ ತಪ್ಪುತ್ತದೆ.

ಮನೆಯಲ್ಲೇ ಒಂದು ಸಲ ಆಟ ಆಡಿ. ಫೋಟೋ ತೆಗೆಯುವ ಮೊದಲು ಯಂತ್ರದಿಂದ ಒಂದು ಚೌಕಾಕಾರದ ಬೆಳಕು ಬೀಳುತ್ತದೆ, ಮಧ್ಯದಲ್ಲಿ ಅಡ್ಡ ಉದ್ದ ಗೆರೆಯ ನೆರಳು. ಕಿರಣ ಎಲ್ಲಿ ಬೀಳಬೇಕು ಅಂತ ತೋರಿಸುವ ಬರೀ ಬೆಳಕು ಅದು. ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚ್ ಹಚ್ಚಿ, ಮೇಜಿನ ಮೇಲೆ ಗೊಂಬೆಯ ಕೈ ಇಡಿಸಿ. "ಅಲ್ಲಾಡಬೇಡ ಗೊಂಬೆ, ಒಂದು, ಎರಡು, ಬೀಪ್!" ಆಮೇಲೆ ಮಗುವಿನ ಸರದಿ. ಆಮೇಲೆ ಮಗುವೇ ಬಟನ್ ಒತ್ತಲಿ, ನೀವು ಕೈ ಇಡಿ. ಆಸ್ಪತ್ರೆಯಲ್ಲಿ ಆ ಬೆಳಕಿನ ಚೌಕ ತನ್ನ ಕೈ ಮೇಲೆ ಬಿದ್ದಾಗ ಮಗು "ಟಾರ್ಚ್ ಬಂತು" ಅಂತ ತಾನೇ ಹೇಳುತ್ತದೆ. ಎದೆಯ ಎಕ್ಸ್‌ರೇ ಆದರೆ ನೀರಲ್ಲಿ ಮುಳುಗುವಾಗ ಹಿಡಿಯುವ ಹಾಗೆ ಉಸಿರು ಹಿಡಿಯೋಕೆ ಕಲಿಸಿ. ತೀರಾ ಚಿಕ್ಕವರಿಗೆ ಅದು ಆಗಲ್ಲ, ಬಲವಂತ ಬೇಡ. ಎಕ್ಸ್‌ರೇ ತೆಗೆಯುವವರು ಹೊಟ್ಟೆ ಏರಿಳಿಯುವುದನ್ನು ನೋಡಿಕೊಂಡು ಸರಿಯಾದ ಗಳಿಗೆಗೆ ಒತ್ತುತ್ತಾರೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಹೇಳೋಕೆ ಒಂದು ಒಳ್ಳೆ ಸಂಗತಿ ಇದೆ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಈ ಕಿರಣ ಕಂಡುಹಿಡಿದ ಮೇಲೆ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಆ ಚಿತ್ರದಲ್ಲಿ ಬೆರಳಿನ ಎಲುಬೂ ಕಾಣುತ್ತದೆ, ಎಲುಬಿನ ಸುತ್ತ ಕಪ್ಪಗೆ ಉಂಗುರವೂ ಕಾಣುತ್ತದೆ. ಸರ, ಬಳೆ, ಕ್ಲಿಪ್ಪು ಯಾಕೆ ತೆಗೆಸುತ್ತಾರೆ ಅಂತ ಆ ಒಂದು ಚಿತ್ರ ತೋರಿಸಿದರೆ ಮಗುವಿಗೆ ಅರ್ಥವಾಗುತ್ತದೆ. ಪಾಪ, ಆಕೆ ಸುಮಾರು 15 ನಿಮಿಷ ಕೈ ಅಲ್ಲಾಡಿಸದೆ ಇಟ್ಟುಕೊಂಡಿರಬೇಕಾಯಿತು. ಈಗ ಒಂದು ಸೆಕೆಂಡೂ ಬೇಡ.

ಯಾವಾಗ ಹೇಳಬೇಕು? ಎರಡು ಮೂರು ವರ್ಷದವರಿಗೆ ಹೊರಡುವ ಮುಂಚೆ ಸಾಕು, ವಾರದ ಮೊದಲೇ ಹೇಳಿದರೆ ವಾರವಿಡೀ ಅದೇ ಚಿಂತೆ. ಶಾಲೆಗೆ ಹೋಗುವವರಿಗೆ ಒಂದೆರಡು ದಿನ ಮೊದಲು.

ಇಲ್ಲಿಯ ಮಕ್ಕಳ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಹೆಲ್ತ್ ಪ್ಲೇ ಸ್ಪೆಷಲಿಸ್ಟ್ ಅಂತ ಇರುತ್ತಾರೆ, ಅಮೆರಿಕದಲ್ಲಿ ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಅನ್ನುತ್ತಾರೆ. ಮಗುವಿನ ಜೊತೆ ಆಟವಾಡುತ್ತಾ ಆಸ್ಪತ್ರೆ ಅಂದರೇನು ಅಂತ ತಿಳಿಸುವುದೇ ಅವರ ಕೆಲಸ. ಊರಿಗೆ ಫೋನ್ ಮಾಡಿ ಹೇಳಿದರೆ "ಆಟ ಆಡಿಸೋಕೂ ಸಂಬಳನಾ!" ಅಂತ ನಗುತ್ತಾರೆ. ನಗಲಿ ಬಿಡಿ. ಸುಮ್ಮನಿರುವ ಮಗುವಿನ ಚಿತ್ರ ಮೊದಲ ಸಲಕ್ಕೇ ಸರಿಯಾಗಿ ಬರುತ್ತದೆ. ಮಸುಕಾದರೆ ಮತ್ತೆ ತೆಗೆಯಬೇಕು, ಅಂದರೆ ಮತ್ತೊಂದು ಸಲ ವಿಕಿರಣ, ಮತ್ತೊಂದು ಸಲ ಅಳು.

ಇನ್ನು ಆ ಜಗಳ. ಇಲ್ಲಿಯವರಿಗೆ ಎಲ್ಲದಕ್ಕೂ ಮಗುವಿನ ಅನುಮತಿ ಕೇಳುವ ಚಟ. "ಈಗ ಎಕ್ಸ್‌ರೇ ಮಾಡೋಣವಾ?" ಅಂತ ಕೇಳುತ್ತಾರೆ. ನಾಲ್ಕು ವರ್ಷದ ಮಗು "ಬೇಡ" ಅನ್ನುತ್ತದೆ, ಇನ್ನೇನು ಅಂದೀತು? ಬೇಡ ಅಂದಮೇಲೂ ಮಾಡಿಯೇ ಮಾಡುತ್ತಾರಲ್ಲ, ಅದು "ನೋವಾಗಲ್ಲ" ಅನ್ನೋದಕ್ಕಿಂತ ಯಾವ ಲೆಕ್ಕದಲ್ಲಿ ಮೇಲು? ಎಕ್ಸ್‌ರೇ ಬೇಕೋ ಬೇಡವೋ ಮಗು ತೀರ್ಮಾನಿಸುವ ವಿಷಯ ಅಲ್ಲ. ಯಾವ ಗೊಂಬೆ ತರೋದು, ಅಮ್ಮ ಪಕ್ಕದಲ್ಲಿರಬೇಕಾ ಅಪ್ಪನಾ, ಇಷ್ಟನ್ನು ಅದು ತೀರ್ಮಾನಿಸಲಿ. (ಗರ್ಭಿಣಿ ಇರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಅಮ್ಮ ಹೊರಗಿರಬೇಕು, ಆಗ ಅಪ್ಪನೇ ಸರಿ.)

ಪಕ್ಕದಲ್ಲಿರುವ ವಿಷಯದಲ್ಲಂತೂ ನಮ್ಮವರೇ ಮುಂದೆ ಅಂತ ನನ್ನ ವಾದ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಆಸ್ಪತ್ರೆ ಸೇರಿದ ಮಕ್ಕಳನ್ನು ಅಪ್ಪ ಅಮ್ಮ ನಿಗದಿತ ಹೊತ್ತಿನಲ್ಲಿ ಮಾತ್ರ ನೋಡಬೇಕಿತ್ತು. 1959ರಲ್ಲಿ ಹ್ಯಾರಿ ಪ್ಲಾಟ್ ಅನ್ನುವ ಶಸ್ತ್ರವೈದ್ಯರ ಸಮಿತಿ ಅಪ್ಪ ಅಮ್ಮನನ್ನು ಯಾವ ಹೊತ್ತಿಗಾದರೂ ಒಳಗೆ ಬಿಡಿ ಅಂತ ವರದಿ ಕೊಟ್ಟಿತು. ತಾಯಿ ಪಕ್ಕದಲ್ಲಿರಬೇಕು ಅನ್ನೋದನ್ನು ಇವರು ವರದಿ ಬರೆಸಿ ಕಲಿತರು. ನಮ್ಮಲ್ಲಿ ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲರೂ ಹಾಸಿಗೆ ಪಕ್ಕದಲ್ಲೇ. ಆದರೆ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಐದು ಜನ ಒಟ್ಟಿಗೆ "ಅಳಬೇಡ, ಅಳಬೇಡ" ಅಂದರೆ ಮಗು ಗಾಬರಿ ಬೀಳದೆ ಏನು ಮಾಡೀತು? ಒಬ್ಬರು ಒಳಗೆ ಹೋಗಿ, ಒಬ್ಬರೇ ಮಾತಾಡಿ.

ವಿಕಿರಣದ ಹೆದರಿಕೆ ನಿಮಗಿದ್ದರೆ ಅದನ್ನು ಮೊದಲೇ ವೈದ್ಯರ ಹತ್ತಿರ ಕೇಳಿ ಮುಗಿಸಿ, ಮಗುವಿನ ಎದುರು ಬೇಡ. ಮಣ್ಣಿನಿಂದ, ಗಾಳಿಯಿಂದ, ಆಕಾಶದಿಂದ ನಮಗೆಲ್ಲ ದಿನವೂ ಒಂದಿಷ್ಟು ವಿಕಿರಣ ತಗಲುತ್ತಲೇ ಇರುತ್ತದೆ. ಎದೆಯ ಎಕ್ಸ್‌ರೇ ಅಂದರೆ ಅಂಥ ಕೆಲವು ದಿನಗಳಷ್ಟು, ಕೈಯದ್ದು ಕೆಲವು ಗಂಟೆಗಳಷ್ಟು. ಮಗುವಿಗೆ ವಿಕಿರಣ ತಡೆಯುವ ಸೀಸದ ಹೊದಿಕೆ ಹಾಕಲಿಲ್ಲ ಅಂತ ಜಗಳಕ್ಕೂ ನಿಲ್ಲಬೇಡಿ. ಅದರಿಂದ ಅಷ್ಟೇನೂ ಲಾಭವಿಲ್ಲ, ಕೆಲವೊಮ್ಮೆ ಚಿತ್ರವನ್ನೇ ಮುಚ್ಚುತ್ತದೆ ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ಹೇಳಿದ ಮೇಲೆ ಎಷ್ಟೋ ಕಡೆ ಅದನ್ನು ಬಿಟ್ಟಿದ್ದಾರೆ.

ಮುಗಿದ ಮೇಲೆ ಚಿತ್ರ ತೋರಿಸಿ ಅಂತ ಕೇಳಿ, ತನ್ನ ಎಲುಬು ನೋಡೋದು ಮಕ್ಕಳಿಗೆ ಭಾರಿ ಖುಷಿ. ಎಲುಬಿನ ತುದಿಯಲ್ಲಿ ಸಣ್ಣ ಸಂದು ಕಂಡರೆ ಮಗುವಿನ ಮುಂದೆ "ಅಯ್ಯೋ, ಮುರಿದೇ ಹೋಗಿದೆ" ಅನ್ನಬೇಡಿ. ಎಲುಬು ಬೆಳೆಯುವ ಜಾಗ ಎಲ್ಲ ಮಕ್ಕಳಲ್ಲೂ ಹಾಗೇ ಕಾಣುತ್ತದೆ. ಬಿರುಕು ಎಲ್ಲಿದೆ, ಇದೆಯೋ ಇಲ್ಲವೋ, ವೈದ್ಯರೇ ಹೇಳಲಿ.