ಧರ್ಮಕ್ಕೆ ಕೊಟ್ಟ ಆಟಕ್ಕೆ ವೀಳ್ಯ ಯಾರದ್ದು?

ಕಳೆದ ಆಟಿಯಲ್ಲಿ ನಾಲ್ಕು ದಿನ ನಮ್ಮ ಚೆನ್ನೆಮಣೆ ಮೊಬೈಲ್ ಗೇಮನ್ನು ಧರ್ಮಕ್ಕೆ ಬಿಟ್ಟಿದ್ದೆವು. ಐವತ್ತು ರೂಪಾಯಿಯ ಗೇಮ್. ಸರಿಯಾಗಿ ಅದಕ್ಕೆ ಎರಡು ದಿನ ಮೊದಲು ಕುಂದಾಪುರದ ಭಾವ ದುಡ್ಡು ಕೊಟ್ಟು ತೆಗೆದುಕೊಂಡಿದ್ದರು. ಈಗಲೂ ಉಡುಪಿಗೆ ಬಂದರೆ ಚಾ ಕುಡಿಯುವ ಮೊದಲು ಒಂದು ಮಾತು ಇದ್ದೇ ಇದೆ: "ನನ್ನ ಐವತ್ತು ಎಲ್ಲಿ ಮಾರಾಯ?"

(ಘಟ್ಟದ ಮೇಲಿನವರಿಗೆ: ನಮ್ಮ ಕಡೆ 'ಧರ್ಮಕ್ಕೆ' ಅಂದರೆ ಪುಕ್ಕಟೆ. ದಾನಧರ್ಮದ ದೊಡ್ಡ ಮಾತೇನೂ ಅಲ್ಲ. ಆಟಿ ಅಂದರೆ ಮಳೆಗಾಲದ ಒಂದು ತುಳು ತಿಂಗಳು, ಚೆನ್ನೆಮಣೆ ಅಂದರೆ ನಿಮ್ಮ ಅಳಗುಳಿಮಣೆ.)

ಗೇಮ್ ಮಾಡಿದ್ದು ಇಬ್ಬರೇ, ನಾನು ಮತ್ತು ಮಣಿಪಾಲದ ಗೆಳೆಯ. ಇಬ್ಬರಿಗೂ ಹಗಲು ಬೇರೆ ಕೆಲಸ ಇದೆ. ರಾತ್ರಿ ಕೂತು ಒಂದೂವರೆ ವರ್ಷ ತೆಗೆದುಕೊಂಡೆವು. ಚೆನ್ನೆಮಣೆ ಗೊತ್ತಲ್ಲ, ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು. ಲೆಕ್ಕ ಅಷ್ಟೇ. ಆದರೆ ಊರಿಗೊಂದು ನಿಯಮ, ಮನೆಗೊಂದು ತಕರಾರು. ಅಜ್ಜಿ ಹೇಳಿದ ಹಾಗೆ ಬರೆದರೆ ಗೆಳೆಯನ ಅಮ್ಮ "ಹಾಗೆ ಅಲ್ಲವೇ ಅಲ್ಲ" ಅನ್ನುತ್ತಿದ್ದರು. ಕಾಳು ಗುಳಿಗೆ ಬೀಳುವ ಸದ್ದು ಬೇಕೆಂದು ಅಜ್ಜಿಯ ಹಳೆಯ ಮಣೆಯನ್ನೇ ಅಟ್ಟದಿಂದ ಇಳಿಸಿ ರೆಕಾರ್ಡ್ ಮಾಡಿದೆವು. ಹಿಂದೆ ಮಳೆಯ ಸದ್ದೂ ಸೇರಿಕೊಂಡಿತು, ತೆಗೆಯಲು ಮನಸ್ಸಾಗಲಿಲ್ಲ.

ಇಷ್ಟಾದ ಮೇಲೂ ಗೇಮ್ ಅಂಗಡಿಗೆ ಹೋಗುವುದು ಸುಲಭವಲ್ಲ. ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆಯನ್ನು ಹೊಸದಾಗಿ ತೆರೆದವರು ಮೊದಲು 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕು. 2023ರಲ್ಲಿ ಈ ನಿಯಮ ಬಂದಾಗ 20 ಜನ ಬೇಕಿತ್ತು, ಆಮೇಲೆ 12ಕ್ಕೆ ಇಳಿಸಿದರು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕಾಲು ಹಿಡಿದು ಹನ್ನೆರಡು ಜನರನ್ನು ಕೂಡಿಸಿದೆ. ಅವರಲ್ಲಿ ಭಾವನೂ ಒಬ್ಬರು. ಪರೀಕ್ಷೆ ಮಾಡಿಯೂ ಆಮೇಲೆ ದುಡ್ಡು ಕೊಟ್ಟು ಕೊಂಡವರು. ಅವರ ಸಿಟ್ಟಿಗೆ ಅರ್ಥ ಇದೆ.

ವಾರಕ್ಕೆ ಮೂರು ನಾಲ್ಕು ಪ್ರತಿ ಹೋಗುತ್ತಿತ್ತು. ಐವತ್ತರಲ್ಲಿ ಗೂಗಲ್ಲಿನ ಪಾಲು ಶೇಕಡಾ 15, ಏಳೂವರೆ ರೂಪಾಯಿ. ಉಳಿದದ್ದು ಇಬ್ಬರಿಗೆ ಹಂಚಿದರೆ ವಾರಕ್ಕೆ ಬನ್ಸ್ ತಿನ್ನುವಷ್ಟು. ಆಗ ಗೆಳೆಯ ಹೇಳಿದ್ದು, "ಆಟಿ ಬಂತು. ಚೆನ್ನೆ ಆಡುವ ತಿಂಗಳು. ನಾಲ್ಕು ದಿನ ಧರ್ಮಕ್ಕೆ ಕೊಡುವ. ಜನ ನೋಡ್ಲಿ."

ಇಲ್ಲಿ ಒಂದು ವಿಷಯ, ಗೇಮ್ ಮಾಡುವ ಹುಡುಗರು ಗಮನಿಸಿ. ಗೂಗಲ್ ಪ್ಲೇಯಲ್ಲಿ ಬೆಲೆಯನ್ನೇ ಸೊನ್ನೆ ಮಾಡಿ ಉಳಿಸಿಬಿಟ್ಟರೆ ಮುಗಿಯಿತು, ಆ ಆ್ಯಪಿಗೆ ಮತ್ತೆ ಯಾವತ್ತೂ ಬೆಲೆ ಇಡಲು ಬಿಡುವುದಿಲ್ಲ. ಹೊಸ ಪ್ಯಾಕೇಜ್ ಹೆಸರಿನಲ್ಲಿ ಮೊದಲಿನಿಂದ ಹಾಕಬೇಕು, ಹಳೆಯ ರೇಟಿಂಗ್ ಎಲ್ಲ ಹೋಯಿತು. ಕೆಲವೇ ದಿನಕ್ಕೆ ಕೊಡಬೇಕಾದರೆ 'ಸೇಲ್' ಎಂಬ ಬೇರೆ ದಾರಿಯಲ್ಲಿ ಹೋಗಬೇಕು. ನಾನು ತಪ್ಪು ಬಟನ್ ಒತ್ತುವವನಿದ್ದೆ. ಗೆಳೆಯ ಕೈ ಹಿಡಿದ.

ನಾಲ್ಕು ದಿನದಲ್ಲಿ ಮೂರು ಸಾವಿರ ದಾಟಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ರಾತ್ರಿ ಹನ್ನೊಂದಕ್ಕೆ ಆನ್‌ಲೈನ್ ಆಟ ತೆರೆದರೆ ಎದುರಾಳಿ ಸಿಗುತ್ತಿದ್ದರು! ಅದಕ್ಕಿಂತ ಮೊದಲು ನನಗೆ ಸಿಗುತ್ತಿದ್ದ ಎದುರಾಳಿ ಗೆಳೆಯ ಒಬ್ಬನೇ.

ಐದನೇ ದಿನ ಬೆಲೆ ವಾಪಸ್ ಬಂತು. ಮಣೆ ಖಾಲಿ. ಮುಂದಿನ ತಿಂಗಳು ಪೂರ್ತಿ ಒಂಬತ್ತು ಪ್ರತಿ ಹೋಯಿತು, ಅಂದರೆ ಮೊದಲಿಗಿಂತ ಕಡಿಮೆ. ರೇಟಿಂಗ್ ಕೂಡ ಇಳಿಯಿತು. ಒಬ್ಬರು ಒಂದು ಸ್ಟಾರ್ ಕೊಟ್ಟು ಬರೆದಿದ್ದರು, ಇದರಲ್ಲಿ ಗುಂಡು ಹೊಡೆಯಲು ಏನೂ ಇಲ್ಲ ಅಂತ. ಚೆನ್ನೆಮಣೆಯಲ್ಲಿ ಗುಂಡು!

ಆಮೇಲೆ ಅರ್ಥವಾಯಿತು. ಬೆಲೆ ಇಳಿದ ಆ್ಯಪ್‌ಗಳನ್ನು ಹುಡುಕಿ ಪಟ್ಟಿ ಮಾಡುವವರು ಇದ್ದಾರೆ. ಟೆಲಿಗ್ರಾಂ ಗುಂಪುಗಳಿವೆ. ಬಂದ ಮೂರು ಸಾವಿರದಲ್ಲಿ ಹೆಚ್ಚಿನವರು ಅಲ್ಲಿಂದ ಬಂದವರು. ಅವರಿಗೆ ಚೆನ್ನೆಯೂ ಬೇಡ, ಆಟಿಯೂ ಬೇಡ. ಸಿಗುತ್ತದೆ ಅಂತ ತೆಗೆದಿಟ್ಟರು, ಮರುದಿನ ತೆಗೆದುಹಾಕಿದರು. ಮದುವೆ ಮನೆ ಯಾರದ್ದೆಂದು ಕೇಳದೆ ಪಂಕ್ತಿಯಲ್ಲಿ ಕೂತ ಹಾಗೆ. ಅಡುಗೆಗೆ ಉಪ್ಪು ಕಡಿಮೆ ಅಂತ ಮೊದಲು ಹೇಳುವವರೂ ಅವರೇ.

ಗೆಳೆಯ ಇದನ್ನು ಒಪ್ಪುವುದಿಲ್ಲ. ಕಿನ್ನಿಮುಲ್ಕಿಯ ಹೋಟೆಲಿನಲ್ಲಿ ಎರಡು ಗಂಟೆ ಜಗಳ ಆಡಿದೆವು. ಅವನ ವಾದ ಹೀಗೆ. ಆಂಡ್ರಾಯ್ಡ್‌ನಲ್ಲಿ ದುಡ್ಡು ಕೊಟ್ಟು ಗೇಮ್ ಕೊಳ್ಳುವವರು ಮೊದಲೇ ಕಡಿಮೆ. ಮಾನ್ಯುಮೆಂಟ್ ವ್ಯಾಲಿಯಂಥ ಹೆಸರಾದ ಗೇಮಿಗೇ ಅದನ್ನು ಮಾಡಿದ ಅಸ್‌ಟೂ ಕಂಪನಿ 2015ರ ಜನವರಿಯಲ್ಲಿ ಕೊಟ್ಟ ಲೆಕ್ಕ ಏನು? ಆಂಡ್ರಾಯ್ಡ್ ಫೋನುಗಳಲ್ಲಿ ಇದ್ದ ಪ್ರತಿಗಳಲ್ಲಿ ದುಡ್ಡು ಕೊಟ್ಟದ್ದು ಶೇಕಡಾ 5, ಐಫೋನ್ ಕಡೆ ಶೇಕಡಾ 40. ಎಲ್ಲವೂ ಕಳ್ಳಪ್ರತಿ ಅಲ್ಲ, ಒಮ್ಮೆ ಕೊಂಡು ಎರಡು ಸಾಧನಕ್ಕೆ ಹಾಕಿಕೊಂಡವರೂ ಅದರಲ್ಲಿದ್ದರು. ಆದರೂ ಗೆಳೆಯನ ಪ್ರಶ್ನೆ ಇದು: "ಹೇಗೂ ದುಡ್ಡು ಕೊಡದವರಿಗೆ ನಾವೇ ಕೊಟ್ಟರೆ ನಮಗೆ ಹೋಗುವುದು ಎಂತ?"

ಒಳ್ಳೆಯ ಪ್ರಶ್ನೆ. ಉತ್ತರ ಆಗ ಹೊಳೆಯಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಆಟದ ಚೆಂಡೆ ಕೇಳಿಸಿತು. ಇಲ್ಲಿ ಆಟ ಅಂದರೆ ಯಕ್ಷಗಾನ, ಹೇಳಬೇಕಾಗಿಲ್ಲ.

ನಾವು ಕರಾವಳಿಯವರು ಧರ್ಮಕ್ಕೆ ಆಟ ನೋಡಿಯೇ ದೊಡ್ಡವರಾದದ್ದು ಅಲ್ವಾ? ಕಟೀಲು, ಮಂದಾರ್ತಿ ಮೇಳದ ಹರಕೆ ಆಟಕ್ಕೆ ಟಿಕೆಟ್ ಎಲ್ಲಿದೆ? ಚಾಪೆ ಹಾಕಿ ಕೂತರಾಯಿತು. ಆದರೆ ಆ ಆಟ ಪುಕ್ಕಟೆ ಅಲ್ಲ. ಯಾರೋ ಒಬ್ಬ ಸೇವಾಕರ್ತರು ಹರಕೆ ಹೊತ್ತು, ವರ್ಷಗಟ್ಟಲೆ ಕಾದು, ಮೇಳಕ್ಕೆ ವೀಳ್ಯ, ಅಂದರೆ ಆಟದ ದುಡ್ಡು, ಕೊಟ್ಟಿರುತ್ತಾರೆ. ಚೌಕಿಯಲ್ಲಿ ಬಣ್ಣ ಹಚ್ಚುವವನಿಗೆ ಸಂಬಳ ಇದೆ. ನೋಡುವವನಿಗೆ ಧರ್ಮಕ್ಕೆ, ಕುಣಿಯುವವನಿಗೆ ಅಲ್ಲ. ಟೆಂಟು ಮೇಳ ಬೇರೆ, ಅಲ್ಲಿ ಗೇಟಿನ ಕಲೆಕ್ಷನ್ನೇ ಗತಿ. ಎರಡೂ ಸರಿಯಾದ ದಾರಿಗಳೇ. ಟೆಂಟು ಹಾಕಿ, ಗೇಟು ತೆರೆದಿಟ್ಟು, ಸೇವಾಕರ್ತರೂ ಇಲ್ಲದೆ ಬೆಳಗಿನವರೆಗೆ ಕುಣಿದರೆ ಮಾತ್ರ ಕಷ್ಟ. ನಾವು ಆಟಿಯಲ್ಲಿ ಮಾಡಿದ್ದು ಅದನ್ನೇ.

ಹೊರಗೆ ಆದದ್ದನ್ನೂ ಇದೇ ಕಣ್ಣಲ್ಲಿ ನೋಡಿ. 2011ರಲ್ಲಿ ಅಮೆಜಾನ್ ತನ್ನ ಆ್ಯಪ್ ಅಂಗಡಿ ತೆರೆದು ದಿನಕ್ಕೊಂದು ಆ್ಯಪ್ ಧರ್ಮಕ್ಕೆ ಕೊಡಲು ಶುರು ಮಾಡಿತು. ಆಸ್ಟ್ರೇಲಿಯಾದ ಶಿಫ್ಟಿ ಜೆಲ್ಲಿ ಎಂಬ ಸಣ್ಣ ತಂಡದ ಆ್ಯಪ್ ಅದರಲ್ಲಿ ಬಂತು. ಗೇಮ್ ಅಲ್ಲ, ಪಾಡ್‌ಕಾಸ್ಟ್ ಕೇಳುವ ಆ್ಯಪ್. ಒಂದೇ ದಿನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅವರಿಗೆ ಬಂದದ್ದು ಸೊನ್ನೆ. ಆ ದಿನಕ್ಕೆ ದುಡ್ಡಿಲ್ಲ ಎಂಬ ಷರತ್ತಿಗೆ ಅವರೇ ಒಪ್ಪಿದ್ದರು, ಹೆಸರಾದರೂ ಆಗುತ್ತದೆ ಎಂದು. ಬಂದ ಲಕ್ಷ ಜನರ ಭಾರ ಹೊರಲು ಹೆಚ್ಚಿನ ಸರ್ವರಿನ ಖರ್ಚೂ ಅವರ ಮೇಲೆಯೇ ಬಿತ್ತು. ಕೊನೆಗೆ ಎಲ್ಲವನ್ನೂ ಬಹಿರಂಗವಾಗಿ ಬರೆದರು. ಆ ದಿನ ಹೆಸರಾದದ್ದು ಅಂಗಡಿಗೆ.

ಇನ್ನೊಂದು ಕಡೆ ಎಪಿಕ್ ಎಂಬ ಗೇಮ್ ಕಂಪನಿಯ ಅಂಗಡಿ ನೋಡಿ. 2018ರ ಡಿಸೆಂಬರಿನಲ್ಲಿ ಕಂಪ್ಯೂಟರ್ ಗೇಮ್‌ಗಳನ್ನು ಧರ್ಮಕ್ಕೆ ಕೊಡಲು ಶುರು ಮಾಡಿದರು. ಆಪಲ್ ಜೊತೆಗಿನ ಕೋರ್ಟ್ ಜಗಳದಲ್ಲಿ 2021ರಲ್ಲಿ ಕಾಗದಪತ್ರ ಹೊರಬಂತು. ಮೊದಲ ಒಂಬತ್ತು ತಿಂಗಳಲ್ಲಿ 38 ಗೇಮ್‌ಗಳಿಗೆ ಸುಮಾರು 1 ಕೋಟಿ 16 ಲಕ್ಷ ಡಾಲರ್ ಕೊಟ್ಟಿದ್ದರು. ಸಬ್‌ನಾಟಿಕಾ ಎಂಬ ಒಂದಕ್ಕೇ 14 ಲಕ್ಷ ಡಾಲರ್. ಎಲ್ಲರಿಗೂ ಅಷ್ಟು ಸಿಗಲಿಲ್ಲ, ಎಪಿಕ್‌ಗೂ ಇದು ಪುಣ್ಯದ ಕೆಲಸ ಅಲ್ಲ, ಗಿರಾಕಿಗಳನ್ನು ಸೆಳೆಯುವ ಖರ್ಚು. ಇರಲಿ. ವೀಳ್ಯ ಕೊಟ್ಟೇ ಕುಣಿಸಿದರು. 2025ರ ಜನವರಿಯಲ್ಲಿ ಮೊಬೈಲ್ ಗೇಮ್‌ಗಳನ್ನೂ ಹೀಗೆ ಕೊಡಲು ಶುರು ಮಾಡಿದರು. ನಮ್ಮ ಚೆನ್ನೆಯನ್ನು ಅವರು ಕೇಳುವುದಿಲ್ಲ ಬಿಡಿ. ಕೇಳಿದರೆ ನಾನು ಹೆಗಲಿಗೆ ಶಾಲು ಹಾಕಿಕೊಂಡು ಹೋಗಿ ಕೊಟ್ಟು ಬರುತ್ತೇನೆ.

ಇನ್ನು ಯಾವಾಗಲೂ ಧರ್ಮಕ್ಕೆ ಕೊಟ್ಟು ಒಳಗೆ ಅಂಗಡಿ ಇಡುವ ಗೇಮ್‌ಗಳ ಮಾತು. ನಮ್ಮ ಉಡುಪಿಯ 99ಗೇಮ್ಸ್ 2014ರಲ್ಲಿ ಸ್ಟಾರ್ ಶೆಫ್ ಎಂಬ ಅಡುಗೆ ಗೇಮ್ ತಂದದ್ದು ಹಾಗೆಯೇ. ಹೋಟೆಲಿನ ಊರಿನಿಂದ ಹೋಟೆಲಿನ ಗೇಮ್, ಹೆಮ್ಮೆಯ ವಿಷಯವೇ. ಆದರೆ ಅದಕ್ಕೆ ತಂಡ ಬೇಕು, ತಿಂಗಳು ತಿಂಗಳು ಹೊಸ ಸಾಮಾನು ತುಂಬಬೇಕು. ಅಲ್ಲಿ ಹತ್ತು ಸಾವಿರ ಜನ ಧರ್ಮಕ್ಕೆ ಬಂದರೂ ಕೆಲವರು ಒಳಗೆ ಖರ್ಚು ಮಾಡುತ್ತಾರೆ. ಚೆನ್ನೆಮಣೆಯಲ್ಲಿ ಮಾರುವುದೇನು, ಚಿನ್ನದ ಮಂಜೊಟ್ಟಿ ಕಾಳಾ?

ಗೆಳೆಯನ ಪ್ರಶ್ನೆಗೆ ಈಗ ನನ್ನ ಉತ್ತರ: ಹೋಗುವುದು ದುಡ್ಡು ಕೊಡುವ ಆ ಕೆಲವರು. ಬೂತಾಯಿ ಮೀನು ಸಂಜೆ ಅಗ್ಗ ಆಗುವುದಕ್ಕೆ ಕಾರಣ ಇದೆ, ನಾಳೆಗೆ ಉಳಿಯುವುದಿಲ್ಲ. ಆದರೂ ಒಳ್ಳೆಯ ಮೀನು ಬೇಕಾದವರು ಬೆಳಗ್ಗೆಯೇ ಹೋಗುತ್ತಾರೆ. ಗೇಮ್ ಹಳಸುವುದಿಲ್ಲ. ಬೆಳಗಿನದ್ದೂ ಸಂಜೆಯದ್ದೂ ಒಂದೇ. ಒಮ್ಮೆ ಸೊನ್ನೆ ನೋಡಿದವನು ಮತ್ತೆ ಐವತ್ತು ಕೊಡುವುದಿಲ್ಲ, ಕಾಯುತ್ತಾನೆ. ಮೊದಲು ಐವತ್ತು ಕೊಟ್ಟವನಿಗೆ ತಾನು ಪೆದ್ದನಾದೆ ಅನಿಸುತ್ತದೆ.

ಪೂರ್ತಿ ನಷ್ಟ ಅಂತಲೂ ಹೇಳುವುದಿಲ್ಲ. ಆ ಮೂರು ಸಾವಿರದಲ್ಲಿ ಬ್ರಹ್ಮಾವರದ ಒಬ್ಬ ನಿವೃತ್ತ ಟೀಚರ್ ಇದ್ದರು. ತಮ್ಮ ಮನೆಯ ನಿಯಮವನ್ನು ಮೂರು ಪುಟ ಬರೆದು ಫೋಟೋ ಕಳಿಸಿದರು. ಅದನ್ನೂ ಗೇಮಿಗೆ ಸೇರಿಸಿದ್ದೇವೆ. ಅವರಂಥವರನ್ನು ಹುಡುಕಲು ಮೂರು ಸಾವಿರ ಜನರಿಗೆ ಹಂಚಬೇಕಿತ್ತಾ ಅನ್ನುವುದು ಪ್ರಶ್ನೆ. ಗೂಗಲ್ ಪ್ಲೇಯಲ್ಲಿ ಮೂರು ತಿಂಗಳಿಗೆ 500 ಪ್ರೋಮೋ ಕೋಡ್, ಅಂದರೆ ಬೇಕಾದವರಿಗೆ ಮಾತ್ರ ಧರ್ಮಕ್ಕೆ ಕೊಡುವ ಚೀಟಿ, ಕೊಡಲು ಅವಕಾಶ ಇದೆ. ಈ ಸಲ ಅದನ್ನೇ ಹಿಡಿದಿದ್ದೇವೆ. 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಕಾರ್ಯಕ್ರಮ ಮಾಡುವ ಸಂಘಗಳಿಗೆ, ಶಾಲೆಗಳಿಗೆ, ಅಜ್ಜಿಯಂದಿರ ಮೊಮ್ಮಕ್ಕಳಿಗೆ ಕೋಡ್. ಹೊರಗೆ ಬೆಲೆ ಐವತ್ತೇ.

ನಮ್ಮ ಇನ್ನೊಂದು ಗೇಮ್ ಅರ್ಧ ಆಗಿದೆ. ಅದು ಬಂದ ವಾರ ಚೆನ್ನೆಯನ್ನು ಮತ್ತೆ ಧರ್ಮಕ್ಕೆ ಬಿಡಬೇಕು ಅಂತ ಗೆಳೆಯ ಹೇಳುತ್ತಾನೆ. ಇದಕ್ಕೆ ನಾನೂ ಒಪ್ಪಿದೆ. ಆಗ ಬಂದವರಿಗೆ ತೋರಿಸಲು ಪಕ್ಕದಲ್ಲಿ ಒಂದು ಸಾಮಾನು ಇರುತ್ತದೆ, ಹಳೆಯದಕ್ಕೆ ಹೊಸದು ಸೇವಾಕರ್ತ. ಹೊಸದಕ್ಕೆ ಎಪ್ಪತ್ತು ರೂಪಾಯಿ ಇಡುವ ಅಂದಾಜು.

ಮೊನ್ನೆ ಊಟಕ್ಕೆ ಕೂತಾಗ ಭಾವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ಸಾರು ಬಡಿಸಿಕೊಂಡು, ನಿಧಾನಕ್ಕೆ ಕೇಳಿದರು: "ಒಳ್ಳೆದಾಯ್ತು. ಆ ಎಪ್ಪತ್ತರದ್ದು ಧರ್ಮಕ್ಕೆ ಯಾವಾಗ?"