ಭಾವ ಕಾರಿಗೆ ನೀರು ಕುಡಿಸಿದ್ದು

ಕಾರಿನ ಸೀಟು, ಕಾರ್ಪೆಟ್ ತೊಳೆಯೋಕೆ ಹಾಟ್ ವಾಟರ್ ಎಕ್ಸ್‌ಟ್ರಾಕ್ಟರ್ ಅಂತ ಒಂದು ಮೆಷಿನ್ ಇದೆ. ಅದು ಮಾಡೋದು ಎರಡೇ ಕೆಲಸ. ಟ್ರಿಗರ್ ಒತ್ತಿದ್ರೆ ಸೋಪಿನ ಬಿಸಿನೀರು ಬಟ್ಟೆ ಒಳಕ್ಕೆ ಚಿಮ್ಮುತ್ತೆ, ಟ್ರಿಗರ್ ಬಿಟ್ಟು ನಿಧಾನಕ್ಕೆ ಹಿಂದಕ್ಕೆಳೆದ್ರೆ ಅದೇ ಮೂತಿ ಆ ನೀರನ್ನ ಕೊಳೆ ಸಮೇತ ಹೀರ್ಕೊಂಡು ಇನ್ನೊಂದು ಟ್ಯಾಂಕಿಗೆ ತುಂಬ್ಕೊಳ್ಳುತ್ತೆ. ಮೊದಲನೇ ಕೆಲಸಕ್ಕೆ ಮನೆಮಂದಿಯೆಲ್ಲ ನಾ ಮುಂದು ತಾ ಮುಂದು ಅಂತ ಬರ್ತಾರೆ. ಎರಡನೇದಕ್ಕೆ ಎಲ್ಲರಿಗೂ ಫೋನ್ ಬರುತ್ತೆ.

ನಮ್ಮ ಭಾವ ಈ ಮೆಷಿನ್ನನ್ನ ಒಂದು ದಿನದ ಬಾಡಿಗೆಗೆ ತಂದ್ರು. ಬಾಡಿಗೆ ಸಾಮಾನು ಕೈಗೆ ಬಂದ್ರೆ ಅವರಿಗೆ ಅದೇನು ಹುರುಪು ಬರುತ್ತೋ, ವಾಪಸ್ ಕೊಡೋದ್ರೊಳಗೆ ಕೊಟ್ಟ ದುಡ್ಡನ್ನ ಅದರಿಂದ ಹಿಂಡಿ ತೆಗೀಬೇಕು ಅನ್ನೋ ಹಠ, ಹಾಗಾಗಿ ಕಾರು ಮುಗಿದ್ಮೇಲೆ ಸೋಫಾ, ಸೋಫಾ ಆದ್ಮೇಲೆ ಹಾಸಿಗೆ ಅಂತ ಬೆಳಗ್ಗೇನೇ ಪ್ಲಾನ್ ರೆಡಿ ಇತ್ತು. "ಸ್ಟೀಮ್ ಕ್ಲೀನರ್ ಕಣೋ ಇದು" ಅಂತ ನನಗೂ ಹೇಳಿದ್ರು. ತುಂಬ ಜನ ಹಾಗೇ ಕರೀತಾರೆ, ಆದ್ರೆ ಇದರಲ್ಲಿ ಸ್ಟೀಮ್ ಎಲ್ಲಿಂದ ಬರ್ಬೇಕು, ಇದು ಬರೀ ಬಿಸಿನೀರಿನ ಕೆಲಸ. ಭಾವ ಸ್ವಿಚ್ ಹಾಕಿ, ಮೂತಿ ಮುಖದ ಹತ್ತಿರ ಹಿಡ್ಕೊಂಡು ಹೊಗೆ ಬರ್ಲಿ ಅಂತ ಸ್ವಲ್ಪ ಹೊತ್ತು ಕಾದ್ರು. ಬರ್ಲಿಲ್ಲ. ಸರಿ ಅಂತ ಒಲೆ ಮೇಲೆ ನೀರು ಕುದಿಸೋಕೆ ಇಟ್ರು. ಸಣ್ಣ ಮೆಷಿನ್‌ಗಳಿಗೆ ನಲ್ಲೀಲಿ ಬರೋ ಬಿಸಿನೀರು ಸಾಕು, 60 ಡಿಗ್ರಿ ದಾಟಬೇಡಿ ಅಂತ ಎಷ್ಟೋ ಮ್ಯಾನ್ಯುಯಲ್‌ಗಳಲ್ಲೇ ಇರುತ್ತೆ, ಕುದಿಯೋದನ್ನ ಸುರಿದ್ರೆ ಪ್ಲಾಸ್ಟಿಕ್ ಟ್ಯಾಂಕ್ ಸೊಟ್ಟಗಾಗುತ್ತೆ. ಅಕ್ಕ ಪಾತ್ರೆ ಕಿತ್ಕೊಂಡು ಅದರಲ್ಲೇ ಅನ್ನಕ್ಕಿಟ್ಲು.

ನೀರು ಹಾಕೋ ಮುಂಚೆ ಒಣ ವ್ಯಾಕ್ಯೂಮ್ ಮಾಡ್ಬೇಕು. ಇದು ಯಾರಿಗೂ ಬೇಡವಾದ ಕೆಲಸ, ಆದ್ರೆ ಇಡೀ ವ್ಯವಹಾರದಲ್ಲಿ ಅರ್ಧ ಇದೇ. ಕಾರ್ಪೆಟ್ ಬುಡದಲ್ಲಿ ಕೂತಿರೋ ಮಣ್ಣು ಒಣಗಿರೋವಾಗ ಹೀರಿದ್ರೆ ಬಂದ್ಬಿಡುತ್ತೆ, ನೀರು ಬಿದ್ಮೇಲೆ ಅದು ಕೆಸರು. "ಅದನ್ನೂ ಮೆಷಿನ್ನೇ ಎಳ್ಕೊಳ್ಳುತ್ತೆ ಬಿಡೋ" ಅಂದ್ರು ಭಾವ. ಮೆಷಿನ್ ಎಳ್ಕೊಂಡಿದ್ದೂ ನಿಜ. ಮಣ್ಣು, ಕೂದಲು, ಒಂದು ಪೆನ್ನಿನ ಕ್ಯಾಪು, ಬಿಸ್ಕತ್ ಚೂರು ಎಲ್ಲ ಸೇರಿ ಮೂತಿಗೆ ಬಿರಡೆ ಹಾಕಿದ ಹಾಗೆ ಕೂತ್ಕೊಂಡ್ವು. ಒಂದು ಟೂತ್ ಬ್ರಷ್ ತಂದು ಉಜ್ಜಿ ಬಿಡಿಸಿದ್ರು. ಆ ಬ್ರಷ್ ಯಾರದ್ದು ಅನ್ನೋದು ಇವತ್ತಿಗೂ ಇತ್ಯರ್ಥ ಆಗಿಲ್ಲ, ಮನೇಲಿ ಎಲ್ಲರೂ ಅವತ್ತೇ ಹೊಸ ಬ್ರಷ್ ತಗೊಂಡ್ರು.

ಆದ್ರೆ ಒಂದು ಮಾತು ಒಪ್ಕೋಬೇಕು, ಮೆಷಿನ್ ಸರಿಯಾಗಿ ಹೀರ್ತಿರೋವಾಗ ನೋಡೋಕೆ ಅದೇನೋ ಖುಷಿ. ಮೂತಿಯ ತಲೆ ಪಾರದರ್ಶಕ ಪ್ಲಾಸ್ಟಿಕ್ಕು. ಸೀಟಿನ ಮೇಲೆ ಒತ್ತಿ ಎಳೀತಿದ್ದ ಹಾಗೆ ಅದರೊಳಗೆ ಮೊದಲು ಬಿಳಿ ನೊರೆ, ಆಮೇಲೆ ಬೂದು, ಆಮೇಲೆ ದಟ್ಟ ಕಂದು ನೀರು ಸಣ್ಣಸಣ್ಣ ಗೆರೆಯಾಗಿ ನಡುಗ್ತಾ ಓಡುತ್ತೆ, ಎಳೆದ ಜಾಗದಲ್ಲಿ ಮೂತಿಯಷ್ಟೇ ಅಗಲದ ಒಂದು ಪಟ್ಟಿ ಸೀಟಿನ ಅಸಲಿ ಬಣ್ಣ ತೋರಿಸುತ್ತೆ. ನಮ್ಮ ಸೀಟು ತಿಳಿ ಬೂದು ಬಣ್ಣದ್ದು ಅಂತ ಅವತ್ತು ಗೊತ್ತಾಯ್ತು, ಇಷ್ಟು ದಿನ ಕಾಫಿ ಬಣ್ಣ ಅಂತಿದ್ವಿ. ಭಾವ ಕೊಳೆನೀರನ್ನ ಬಕೆಟ್ಟಿಗೆ ಸುರ್ಕೊಂಡು ಅಕ್ಕಪಕ್ಕದವರಿಗೆಲ್ಲ ತೋರಿಸೋಕೆ ಹೊರಟ್ರು. "ಮರ್ಯಾದೆ ಇದ್ರೆ ಅದನ್ನ ಒಳಗೆ ತನ್ನಿ" ಅಂತ ಅಕ್ಕ ಗೇಟಿಗೆ ಅಡ್ಡ ನಿಂತ್ಲು. ನಾವು ಅದರ ಮೇಲೆ ಕೂತು ಓಡಾಡಿರೋದು ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು ಅನ್ನೋದು ಅವಳ ವಾದ, ನ್ಯಾಯಾನೇ.

ಸೋಪಿನ ವಿಷಯಕ್ಕೆ ಬರ್ತೀನಿ. ಬಾಟಲಿ ಮೇಲೆ ಅಳತೆ ಬರೆದಿರುತ್ತೆ, ಭಾವನಿಗೆ ಅಳತೆ ಅಂದ್ರೆ ಅವಮಾನ. ಮುಚ್ಚಳದಲ್ಲಿ ಹಾಕಿ, ಮೇಲೆ "ಇನ್ನೊಂಚೂರು" ಅಂತ ಧಾರೆ ಎರೆದು, ಅದು ಸಾಲ್ದು ಅಂತ ಪಾತ್ರೆ ತೊಳೆಯೋ ಲಿಕ್ವಿಡ್ಡನ್ನೂ ಬೆರೆಸಿದ್ರು. ಈ ಮೆಷಿನ್‌ಗೆ ನೊರೆ ಅಂದ್ರೆ ಶತ್ರು, ಅದಕ್ಕೇ ನೊರೆ ಕಮ್ಮಿ ಬರೋ ಸೋಪೇ ಬೇರೆ ಇರೋದು. ಕೊಳೆನೀರಿನ ಟ್ಯಾಂಕೊಳಗೆ ಒಂದು ಫ್ಲೋಟ್ ಇರುತ್ತೆ, ಟ್ಯಾಂಕ್ ತುಂಬಿದ್ರೆ ಅದು ಮೇಲಕ್ಕೆದ್ದು ಗಾಳಿ ಹೋಗೋ ದಾರಿ ಮುಚ್ಚುತ್ತೆ, ನೀರು ಮೋಟರಿಗೆ ಹೋಗ್ಬಾರದು ಅಂತ. ನೊರೆ ಜಾಸ್ತಿಯಾದ್ರೆ ನೀರು ಅರ್ಧ ಇರೋವಾಗ್ಲೇ ಮುಚ್ಕೊಂಡುಬಿಡಬಹುದು. ಆಗ ಮೆಷಿನ್ ಸದ್ದು ಬದಲಾಗುತ್ತೆ, ಗೊರ್ ಅಂತಿದ್ದದ್ದು ಕುಯ್ಯೋ ಅಂತ ಮೇಲಿನ ಶ್ರುತಿಗೆ ಏರುತ್ತೆ. ಅದರರ್ಥ ಹೀರೋದು ನಿಂತಿದೆ ಅಂತ. ಭಾವನಿಗೆ ಅರ್ಥ ಆಗಿದ್ದು ಬೇರೆ. "ನೋಡ್ದೇನೋ, ಈಗ ಫುಲ್ ಪವರ್ ಸಿಕ್ತು!"

ಆ ಫುಲ್ ಪವರ್‌ನಲ್ಲಿ ಹಿಂದಿನ ಸೀಟು ಪೂರ್ತಿ, ಮುಂದಿನ ಎಡಗಡೆ ಸೀಟು, ಕೆಳಗಿನ ಕಾರ್ಪೆಟ್ಟು ಎಲ್ಲದಕ್ಕೂ ನೀರು ಹೊಡೆದ್ರು. ನಾನು ಪೈಪ್ ಹಿಡ್ಕೊಂಡು "ಭಾವ, ಏನೂ ವಾಪಸ್ ಬರ್ತಿಲ್ಲ" ಅಂದ್ರೆ "ಕ್ಲೀನ್ ಆಗಿದೆ, ಇನ್ನೇನು ಬರುತ್ತೆ" ಅಂತ ಉತ್ತರ. ಸೀಟಿನ ಒಳಗಿನ ಫೋಮು ಎಷ್ಟು ಕೊಟ್ರೂ ಕುಡಿಯುತ್ತೆ, ಬೇಡ ಅನ್ನಲ್ಲ. ಒಂದು ಸಲ ನೀರು ಹೊಡೆದ್ರೆ ಎರಡು ಮೂರು ಸಲ ಬರೀ ಹೀರ್ಬೇಕು, ಇದು ಇದರ ಲೆಕ್ಕ, ಕೊನೇಲಿ ಸೋಪಿಲ್ಲದ ನೀರಲ್ಲಿ ಒಂದು ಸುತ್ತು ಹಾಕ್ಬೇಕು, ಇಲ್ಲಾಂದ್ರೆ ಉಳಿದ ಸೋಪಿಗೆ ಧೂಳು ಅಂಟಿ ಮೊದಲಿಗಿಂತ ಬೇಗ ಗಲೀಜಾಗುತ್ತೆ. ಅಕ್ಕ ಬಂದು ಸೀಟಿನ ಮೇಲೆ ಅಂಗೈ ಒತ್ತಿದ್ಲು, ಬೆರಳಿನ ಸಂದೀಲಿ ಬುಳಬುಳ ಅಂತ ನೀರು ಬಂತು. ಅವಳು ಏನೂ ಮಾತಾಡ್ಲಿಲ್ಲ. ಭಾವ ಸೋಫಾ ಪ್ಲಾನ್ ಕೈಬಿಟ್ರು.

ಮಾರನೇ ದಿನ ಬೆಳಗ್ಗೆ ಹಿಂದಿನ ಸೀಟಲ್ಲಿ ಹೋಗಿದ್ದ ಜ್ಯೂಸ್ ಕಲೆ ವಾಪಸ್ ಬಂದಿತ್ತು, ಅದೂ ಮೊದಲಿಗಿಂತ ದೊಡ್ಡದಾಗಿ, ಸುತ್ತ ಒಂದು ಬಾರ್ಡರ್ ಸಮೇತ. ಒಳಗಿನ ಫೋಮಿಗೆ ಇಳಿದಿದ್ದ ಕೊಳೆ ನೀರಿನ ಜೊತೆ ಮೇಲಕ್ಕೆ ಹತ್ತಿ ಬರುತ್ತೆ, ನೀರು ಆರಿ ಹೋಗುತ್ತೆ, ಕೊಳೆ ಬಟ್ಟೆ ಮೇಲೆ ಉಳಿಯುತ್ತೆ. ಭಾವ ಸೀದಾ ಹೋಗಿ ಮಗನನ್ನ ಎಬ್ಬಿಸಿ "ರಾತ್ರಿ ಎದ್ದು ಮತ್ತೆ ಜ್ಯೂಸ್ ಚೆಲ್ಲಿದ್ಯಾ?" ಅಂತ ಕೇಳಿದ್ರು. "ನಾನು ಮಲಗಿದ್ದೆ ಅಪ್ಪ, ಕಾರ್ ಕೀ ನಿನ್ನ ಹತ್ರಾನೇ ಇತ್ತು" ಅಂದ ಹುಡುಗ. ಬೇರೆ ಸಾಕ್ಷಿ ಬೇಕಾಗ್ಲಿಲ್ಲ.

ವಾಸನೆ ಬಗ್ಗೆ ಜಾಸ್ತಿ ಹೇಳಲ್ಲ. ಒದ್ದೆ ಬಟ್ಟೆ 24ರಿಂದ 48 ಗಂಟೆಯೊಳಗೆ ಒಣಗದಿದ್ರೆ ಬೂಷ್ಟು ಶುರುವಾಗಬಹುದು, ಅದರ ಮೇಲೆ ಭಾವ ಯಾವುದೋ ಬೆಕ್ಕು ಒಳಗೆ ನುಗ್ಗುತ್ತೆ ಅಂತ ರಾತ್ರಿ ಗ್ಲಾಸೆಲ್ಲ ಏರಿಸಿಟ್ಟಿದ್ರು. ಬಾಗಿಲು ತೆಗೆದ್ರೆ ಒಳಗೆ ಮಳೆಗಾಲ. ಗ್ಲಾಸಿನ ಒಳಮೈಯೆಲ್ಲ ಮಂಜು, ಹುಡುಗ ಅದರ ಮೇಲೆ ಬೆರಳಲ್ಲಿ ಬೆಕ್ಕಿನ ಚಿತ್ರ ಬರೆದ. ಆಮೇಲೆ ಬಾಗಿಲು ನಾಲ್ಕೂ ತೆಗೆದಿಟ್ಟು, ಟೇಬಲ್ ಫ್ಯಾನ್ ಹಚ್ಚಿ, ಮನೇಲಿದ್ದ ಟವೆಲ್ಲುಗಳನ್ನೆಲ್ಲ ಸೀಟಿನ ಮೇಲೆ ಹಾಸಿ ಮೊಣಕಾಲಲ್ಲಿ ಒತ್ತೊತ್ತಿ ನೀರು ತೆಗೆದ್ವಿ. ಏಸಿ ಹಾಕಿದ್ರೆ ಒಳಗಿನ ತೇವ ಬೇಗ ಎಳ್ಕೊಳ್ಳುತ್ತೆ ಅಂತ ಗೊತ್ತಿದ್ದ ಅಕ್ಕ, ಓಡಿಸ್ಕೊಂಡಾದ್ರೂ ಒಣಗಿಸ್ಕೊಂಡು ಬನ್ನಿ ಅಂತ ಭಾವನ್ನ ಕಾರ್ ಸಮೇತ ಹೊರಗೆ ಕಳಿಸಿದ್ಲು.

ಅವರು ಹತ್ತೇ ನಿಮಿಷಕ್ಕೆ ವಾಪಸ್ ಬಂದ್ರು. ಪಕ್ಕದ ಸೀಟಲ್ಲಿ ಯಾರೂ ಇಲ್ಲ, ಆದ್ರೂ ಕಾರು ಟಿಣ್ ಟಿಣ್ ಅಂತ ಬೆಲ್ಟ್ ಹಾಕಿ ಅಂತಿದೆ. ಸೀಟಲ್ಲಿ ಯಾರಾದ್ರೂ ಕೂತಿದಾರಾ ಅಂತ ನೋಡೋ ಸೆನ್ಸರ್ ಸಾಮಾನ್ಯವಾಗಿ ಸೀಟಿನೊಳಗೇ ಇರುತ್ತೆ, ಏರ್‌ಬ್ಯಾಗ್ ವೈರಿನ ಕನೆಕ್ಟರ್‌ಗಳೂ ಅಲ್ಲೇ ಕೆಳಗೆ ಇರ್ತವೆ, ನೀರು ಅಲ್ಲಿಗೂ ಇಳಿದಿತ್ತು ಅಂತ ಕಾಣುತ್ತೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ ಏರ್‌ಬ್ಯಾಗ್ ಲೈಟೂ ಬಂದಿದ್ಯಾ ಅಂತ ಕೇಳಿದ್ರು, ಇಲ್ಲ ಅಂದಿದ್ದಕ್ಕೆ ಪೂರ್ತಿ ಒಣಗಲಿ, ಆಮೇಲೂ ಕೂಗಿದ್ರೆ ತನ್ನಿ, ಅಲ್ಲೀವರೆಗೆ ಆ ಸೀಟಲ್ಲಿ ಯಾರನ್ನೂ ಕೂರಿಸಬೇಡಿ ಅಂದ್ರು. ಅಲ್ಲೀತನಕ ಭಾವ ಖಾಲಿ ಸೀಟಿಗೆ ನೀಟಾಗಿ ಬೆಲ್ಟ್ ಹಾಕ್ಕೊಂಡೇ ಓಡಾಡಿದ್ರು, ಸಿಗ್ನಲ್‌ನಲ್ಲಿ ಪಕ್ಕದ ಗಾಡಿಯವರು ಬಗ್ಗಿ ಬಗ್ಗಿ ನೋಡ್ತಿದ್ರಂತೆ. ಅಕ್ಕ ಹಿಂದಿನ ಸೀಟಲ್ಲಿ ಪ್ಲಾಸ್ಟಿಕ್ ಶೀಟ್ ಹಾಸ್ಕೊಂಡು ಕೂರ್ತಿದ್ಲು.